ಕಂಬಳಿ ಕೆಳಗಿನ ಬೆರಳು

ಯಮನಪ್ಪ ದಂಡಿನ ಅವರ ಬಲ ಶ್ವಾಸಕೋಶವನ್ನು ನಾವು ಮೊದಲ ಸಲ ತೊಳೆದಾಗ ಕೊನೆಯ ಬಾಟಲಿಗೆ ಬಂದ ನೀರು ಎಷ್ಟು ತಿಳಿಯಾಗಿತ್ತೆಂದರೆ, ಅದರ ಆಚೆಗಿದ್ದ ಗೋಡೆ ಕ್ಯಾಲೆಂಡರಿನ ತಿಥಿ ನಕ್ಷತ್ರವನ್ನೂ ಓದಬಹುದಿತ್ತು. ನಾನು ಓದಿದೆ. ಶುಭದಿನ ಎಂದೇ ಬರೆದಿತ್ತು. ಕಂಟ್ರೋಲ್ ರೂಮಿನಲ್ಲಿದ್ದವರಿಗೆಲ್ಲ ಚಹಾ ತರಿಸಿ "ಗೆದ್ದೆವು" ಎಂದು ಸಾರಿಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಗೆದ್ದಿಲ್ಲವೆಂದು ಗೊತ್ತಾಯಿತು.

ನನ್ನ ಹೆಸರು ಗುರುಪಾದ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಎದೆ ತೊಳೆಯುವ ಯಂತ್ರದ ಇಂಜಿನಿಯರು. ಯಂತ್ರಕ್ಕೆ ನಾನಿಟ್ಟ ಹೆಸರು 'ಶ್ವಾಸಧಾರೆ'. ಆ ಹೆಸರನ್ನು ಬಳಸುವವನು ನಾನೊಬ್ಬನೇ. ಉಳಿದವರೆಲ್ಲ ಅದಕ್ಕೆ 'ಅರಿವಿ ಒಗೆಯೋ ಮಷೀನು' ಅನ್ನುತ್ತಾರೆ. ಅನ್ನಲಿ. ಮೂರು ವರ್ಷ ನಿದ್ದೆಗೆಟ್ಟು ಕಟ್ಟಿದವನ ಸಂಕಟ ಅವರಿಗೇನು ಗೊತ್ತು!

ರೋಗ ಏನೆಂದು ಮೊದಲೇ ಹೇಳಿಬಿಡುವುದು ಲೇಸು. ನಮ್ಮ ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಪುಟಾಣಿ ಗಾಳಿಗೂಡುಗಳಿವೆ. ಅವು ಮುದುಡಿಕೊಳ್ಳಬಾರದೆಂದು ಒಳಗೋಡೆಗೆ ಸೋಪಿನ ನೊರೆಯಂಥ ತೆಳ್ಳನೆಯ ಲೇಪವಿರುತ್ತದೆ. ಹಳೆಯ ಲೇಪವನ್ನು ಗುಡಿಸಿ ಹಾಕುವ ಜೀವಕೋಶಗಳೂ ಅಲ್ಲೇ ಇರುತ್ತವೆ. ಲಕ್ಷಕ್ಕೊಬ್ಬರಿಗೂ ಬಾರದ ಒಂದು ರೋಗದಲ್ಲಿ ಈ ಕೋಶಗಳು ಕಸಬರಿಗೆ ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತವೆ. ಲೇಪದ ಮೇಲೆ ಲೇಪ ಕೂಡಿ ಗೂಡುಗಳೆಲ್ಲ ಗಂಜಿ ತುಂಬಿದಂತೆ ತುಂಬಿಹೋಗುತ್ತವೆ. ಗಾಳಿ ಒಳಗೆ ಬಂದರೂ ರಕ್ತಕ್ಕೆ ಇಳಿಯಲು ದಾರಿ ಸಿಗುವುದಿಲ್ಲ. ಇದಕ್ಕೆ ಅಜ್ಜಂದಿರ ಕಾಲದಿಂದಲೂ ಇರುವ ಉಪಾಯ ತೊಳೆಯುವುದು. ಅರಿವಳಿಕೆ ಕೊಟ್ಟು ಮಲಗಿಸಿ, ಒಂದು ಶ್ವಾಸಕೋಶಕ್ಕೆ ಉಸಿರು ಕೊಟ್ಟು, ಇನ್ನೊಂದಕ್ಕೆ ಬೆಚ್ಚಗಿನ ಉಪ್ಪುನೀರು ತುಂಬಿ, ಎದೆಯ ಮೇಲೆ ತಟ್ಟಿ ತಟ್ಟಿ ಬಸಿಯುತ್ತಾರೆ. ಮೊದಲು ಹಾಲಿನಂಥ ನೀರು ಬರುತ್ತದೆ. ತಿಳಿಯಾಗುವವರೆಗೂ ತುಂಬುವುದು, ತಟ್ಟುವುದು, ಬಸಿಯುವುದು.

ಆದರೆ ನೀರು ತೆರೆದ ದಾರಿಯಲ್ಲಷ್ಟೇ ಹರಿಯುತ್ತದೆ. ಪೂರ್ತಿ ಮುಚ್ಚಿಹೋದ ಮೂಲೆಯ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಹೊರಗೆ ತಿಳಿನೀರು ಬರುತ್ತಿರುತ್ತದೆ, ಒಳಗೆ ಮೂಲೆ ಹಾಗೇ ಇರುತ್ತದೆ. ಆ ಭಾರ ಗೊತ್ತಾಗುವುದು ರೋಗಿಗೆ ಮಾತ್ರ; ರೋಗಿಯೋ ಅರಿವಳಿಕೆಯ ನಿದ್ದೆಯಲ್ಲಿ! ಎಚ್ಚರವಿದ್ದ ಮನುಷ್ಯನ ಎದೆಯನ್ನೇ ತೊಳೆದರೆ ಹೇಗೆ? ನಮ್ಮ ಯಂತ್ರ ಹುಟ್ಟಿದ್ದು ಈ ಪ್ರಶ್ನೆಯಿಂದ. ಉಪ್ಪುನೀರಿನ ಬದಲು ಆಮ್ಲಜನಕ ಹೊತ್ತು ತರುವ ದ್ರವ ಬಳಸಿದೆವು. ಅದು ತುಂಬಿದ ಶ್ವಾಸಕೋಶಕ್ಕೆ ಮುಳುಗಿದ ಗಾಬರಿ ಆಗುವುದಿಲ್ಲ. ಗಂಟಲನ್ನು ಜೋಮು ಹಿಡಿಸಿ, ಬೆಂಡೆಕಾಯಿ ಲೋಳೆಯಷ್ಟು ನುಣುಪಾದ ನಳಿಕೆ ಇಳಿಸಿ, ರೋಗಿಯನ್ನು ಮಗ್ಗುಲಾಗಿ ಮಲಗಿಸುತ್ತೇವೆ. ಎದೆಗೆ ಕಟ್ಟಿದ ಕವಚ ತಾನೇ ಪಟಪಟ ತಟ್ಟುತ್ತದೆ. ಮೈ ತಣ್ಣಗಾಗದಿರಲೆಂದು ಕುತ್ತಿಗೆಯವರೆಗೂ ಬಿಸಿ ಕಂಬಳಿ.

ಗಂಟಲಲ್ಲಿ ನಳಿಕೆ ಇದ್ದವರು ಮಾತಾಡುವುದು ಹೇಗೆ? ಅದಕ್ಕೆಂದೇ ನಾನು ಹತ್ತು ಗುಂಡಿಗಳ ಚಂದದ ಪೆಟ್ಟಿಗೆಯೊಂದನ್ನು ಮಾಡಿದ್ದೆ. ಮೊದಲ ರೋಗಿಯಾದ ಅಜ್ಜಿ ಅದನ್ನು ಬಾಗಿಲ ಗಂಟೆಯಂತೆ ಒಂದೇ ಸಮನೆ ಒತ್ತಿದಳು. ಡಾಕ್ಟರ್ ತಬಸ್ಸುಮ್ ನದಾಫ್ ಅದನ್ನು ಕಿತ್ತು ನನ್ನ ಕೈಗೆ ಕೊಟ್ಟು, ತಮ್ಮ ಕೈಯನ್ನೇ ಕಂಬಳಿಯೊಳಗೆ ತೂರಿಸಿದರು.

"ಎದಿ ಎಷ್ಟು ಭಾರ ಅನಸ್ತೈತಿ, ಹತ್ತರೊಳಗ ಹೇಳ್ರಿ. ನನ್ನ ಅಷ್ಟು ಬೆರಳು ಹಿಡೀರಿ. ಐದಕ್ಕಿಂತ ಹೆಚ್ಚಿದ್ರ ಮೊದಲ ಇಡೀ ಕೈ ಹಿಚುಕಿ, ಆಮ್ಯಾಲ ಉಳಿದ ಬೆರಳು."

ರೋಗಿ ಬೆರಳು ಹಿಡಿಯುವುದು, ಡಾಕ್ಟರು ಕೂಗುವುದು, ಗಾಜಿನ ಈಚೆ ಕೂತ ನಾನು ಅದಕ್ಕೆ ತಕ್ಕಂತೆ ಪಂಪಿನ ಒತ್ತಡ ಏರಿಸುವುದು ಇಳಿಸುವುದು. ಎಲ್ಲರಲ್ಲೂ ಇದು ಚೆನ್ನಾಗಿಯೇ ನಡೆಯಿತು. ನನ್ನ ಗುಂಡಿಪೆಟ್ಟಿಗೆ ಬೀರು ಸೇರಿತು.

ಯಮನಪ್ಪನವರು ಬಂದದ್ದು ಆಮೇಲೆ. ಘಟಪ್ರಭೆಯ ಆಚೆಯ ಊರಿನವರು, ದನದ ಸಂತೆಯ ದಲ್ಲಾಳಿ. ಡ್ರೈವರಿಲ್ಲದ ಟ್ರ್ಯಾಕ್ಟರ್ ತಾನೇ ಹೊಲ ಉಳುವ ಈ ಕಾಲದಲ್ಲೂ ಆ ಕಡೆ ಖಿಲಾರಿ ತಳಿಯ ಹೋರಿಗಳ ಮೋಹ ಕಡಿಮೆಯಾಗಿಲ್ಲ. ಹೋರಿಯ ಜೊತೆ ತಾನೂ ಓಡಿ ಅದರ ಕಾಲಿನ ಗುಣ ಹೇಳುತ್ತಿದ್ದ ಮನುಷ್ಯ ಈಗ ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲುತ್ತಿದ್ದರು. ಹೃದಯ ದುರ್ಬಲ, ಅರಿವಳಿಕೆ ತಡೆಯುವಂತಿರಲಿಲ್ಲ. ನಮ್ಮ ಯಂತ್ರ ಬಿಟ್ಟರೆ ಅವರಿಗೆ ಇದ್ದದ್ದು ಮೂಗಿಗೆ ಕಟ್ಟಿದ ಆಮ್ಲಜನಕದ ನಳಿಕೆ, ಮತ್ತು ಆ ನಳಿಕೆ ಎಟುಕುವಷ್ಟೇ ದೂರದ ಬದುಕು.

"ಸಂತ್ಯಾಗ ಒಂದ ಸಲ ಓಡಬೇಕ್ರಿ ಬಾಯಾರ," ಎಂದರು ಡಾಕ್ಟರಿಗೆ. "ಅಷ್ಟ ಸಾಕು."

ತೊಳೆಯುವಾಗ ಅವರ ಬೆರಳು ಮೊದಲು ಹೇಳಿದ್ದು ನಾಲ್ಕು. ಆಮೇಲೆ ಮೂರು. ಆಮೇಲೆ ಎರಡು. ನೀರೂ ತಿಳಿಯಾಯಿತು. ಡಾಕ್ಟರು ಕೈ ಹೊರಗೆಳೆದುಕೊಂಡು "ಮುಗೀತು" ಎಂದರು. ಆಗ ಯಮನಪ್ಪನವರು ಕಣ್ಣರಳಿಸಿ ಅವರನ್ನೇ ನೋಡಿದ್ದು ಕ್ಯಾಮೆರಾದಲ್ಲಿ ಕಂಡಿತು. ಸಂತೋಷಕ್ಕೆ ಅಂದುಕೊಂಡೆ.

*

ವಾರದ ನಂತರ ತೆಗೆದ ಚಿತ್ರದಲ್ಲಿ ಬಲ ಶ್ವಾಸಕೋಶದ ಹಿಂಬದಿಯ ಕೆಳಮೂಲೆ ಬೆಳ್ಳಗೆ ಸುಣ್ಣ ಬಳಿದ ಹಾಗಿತ್ತು. ಉಸಿರಿನಲ್ಲಿ ಹೇಳಿಕೊಳ್ಳುವ ಸುಧಾರಣೆ ಇಲ್ಲ. ಆಸ್ಪತ್ರೆಯ ಸಮಿತಿಯವರು ಖಡಾಖಂಡಿತವಾಗಿ ಹೇಳಿದರು: ಬಲಗಡೆ ಇನ್ನೊಂದು ಸಲ ತೊಳೆಯಿರಿ, ಆಗಲೂ ಗುಣ ಕಾಣದಿದ್ದರೆ ಎಡಗಡೆ ಮುಟ್ಟುವಂತಿಲ್ಲ, ದುರ್ಬಲ ಹೃದಯದವರನ್ನು ಮತ್ತೆ ಮತ್ತೆ ದಣಿಸಲಾಗದು.

"ಎರಡು ಅಂದಾರ್ರೀ ಅವರು! ನನ್ನ ಬೆರಳು ಹಿಡದು ಎರಡು ಅಂದಾರ!" ಡಾಕ್ಟರು ತಮ್ಮ ಎರಡು ಬೆರಳುಗಳನ್ನು ನನ್ನ ಮುಖದ ಮುಂದೆ ಆಡಿಸಿದರು. "ಎರಡು ಅಂದವರ ಎದಿ ಹಿಂಗಿರ್ತೈತೇನು?"

"ನನ್ನ ಪೆಟ್ಟಿಗೆ ಇದ್ದಿದ್ರ..."

"ಗುರುಪಾದ, ಸುಮ್ನಿರ್ರಿ."

ಒಮ್ಮೆ ಮನೆಗೇ ಹೋಗಿ ಮನುಷ್ಯ ಹೇಗೆ ನಡೆಯುತ್ತಾನೆ, ಹೇಗೆ ಉಣ್ಣುತ್ತಾನೆ ನೋಡಿ ಬರೋಣ ಎಂದು ಹೊರಟೆವು.

ಮನೆಯಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು. ಅದು ಇರುವ ಮನೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಯಮನಪ್ಪನವರ ಹೆಂಡತಿ ಕಸ್ತೂರೆವ್ವ ತಮ್ಮ ಒಲೆಯನ್ನು ಹಿತ್ತಲಿಗೆ ಹಾಕಿ, ಕರೆಂಟಿನ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿದ್ದರು. ಆ ಒಲೆಗೆ ಅವರು ಹಾಕಿದ ಶಾಪಗಳನ್ನು ಇಲ್ಲಿ ಬರೆಯಲಾರೆ.

"ಮಷೀನಿನ ಸಾಹೇಬ್ರ, ನೀವು ಎದಿ ತೊಳಿಯಾಕ ಮಷೀನ ಮಾಡೀರಿ. ಒಂದ ಛಲೋ ಒಲಿ ಮಾಡಾಕ ಆಗಲಿಲ್ಲೇನು?" ಎಂದು ನನ್ನನ್ನೇ ಹಿಡಿದರು. ಅಪ್ಪಿತಪ್ಪಿಯಾದರೂ ಒಬ್ಬರು 'ಶ್ವಾಸಧಾರೆ' ಅನ್ನಬಾರದೇ!

ಊಟಕ್ಕೆ ಕೂರಿಸಿದರು. ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು. ಒಳಗಿನಿಂದ ಕಸ್ತೂರೆವ್ವ ಕೂಗಿದರು: "ಎಷ್ಟು ರೊಟ್ಟಿ ಬಡೀಲಿ ನಿಮಗ?"

"ಒಂದ ಸಾಕು," ಎಂದರು ಯಮನಪ್ಪ.

ತಾಟಿಗೆ ಎರಡು ಬಂದವು. ಅವರು ಚಕಾರವೆತ್ತದೆ ಎರಡನ್ನೂ ಮುಗಿಸಿದರು. ಡಾಕ್ಟರು ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದರು.

"ಒಂದ ಸಾಕು ಅಂದ್ರಲ್ರೀ?"

ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಕ್ಕರು. "ಯವ್ವಾ, ಇವರ ಮೊದಲನೇ ಲೆಕ್ಕ ಲೆಕ್ಕ ಅಲ್ಲ. ಒಂದು ಅಂದ್ರ ಎರಡು, ಎರಡು ಅಂದ್ರ ನಾಕು. ಜಡ್ಡಿಗೆ ಬೀಳೂಕಿಂತ ಮೊದಲ ಎರಡು ಅಂತಿದ್ರು, ನಾ ನಾಕ ಬಡೀತಿದ್ದೆ. ಲಗ್ನಾದಾಗಿಂದ ಒಂದ ಸಲಾನೂ ಖರೇ ಲೆಕ್ಕ ಹೇಳಿಲ್ಲ ಈ ಮನಷ್ಯಾ. ಸಂತ್ಯಾಗ ಬೆಳದ ಜೀವ ನೋಡ್ರಿ."

ಯಮನಪ್ಪ ಮೀಸೆಯಲ್ಲೇ ನಕ್ಕರು. ಡಾಕ್ಟರು ನಗಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಊರಿನವರಿಬ್ಬರು ಬಂದರು. ಒಬ್ಬ ಹೋರಿಗರು ಮಾರುವವನು, ಇನ್ನೊಬ್ಬ ಕೊಳ್ಳುವವನು. "ಯಮನಪ್ಪಣ್ಣ, ಕೂತಲ್ಲೇ ಮುಗಿಸಿಕೊಡು" ಎಂದರು. ಯಮನಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹೊದಿಸಿಕೊಂಡರು. ಮಾರುವವನು ಅದರ ಕೆಳಗೆ ಕೈ ಇಟ್ಟ. ಟವೆಲಿನೊಳಗೆ ಏನೋ ಹರಿದಾಡಿತು. ಮಾರುವವನ ಮುಖ ಕೆಂಪಾಯಿತು, ತಲೆ ಅಡ್ಡ ಆಡಿತು. ಮತ್ತೆ ಹರಿದಾಡಿತು. ಆಮೇಲೆ ಕೊಳ್ಳುವವನ ಸರದಿ. ಬಾಯಿಂದ ಒಂದು ಮಾತಿಲ್ಲ! ಕೊನೆಗೆ ಯಮನಪ್ಪ ಟವೆಲ್ ಕೊಡವಿ, ಕೈ ಹೊರಗೆ ತೆಗೆದು ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟರು. ಇಬ್ಬರೂ ಸಮಾಧಾನದಿಂದ ಎದ್ದು ಹೋದರು.

"ಇದೇನ್ರೀ ಇದು?" ಡಾಕ್ಟರ ದನಿ ಸಣ್ಣಗಾಗಿತ್ತು. ಹುಬ್ಬಳ್ಳಿಯ ಪೇಟೆಯಲ್ಲಿ ಬೆಳೆದವರು ಅವರು, ದನದ ಸಂತೆ ನೋಡಿದವರಲ್ಲ. ನಾನೂ ಅಷ್ಟೇ.

"ವ್ಯವಹಾರ ರೀ. ಬೆರಳ ಹಿಡದು ರೇಟ್ ಹೇಳೂದು. ಸುತ್ತಲಿನವರಿಗೆ ತಿಳೀಬಾರದಲ್ಲ, ಅದಕ್ಕ ಮ್ಯಾಲ ಅರಿವಿ."

"ಮೊದಲ ಹಿಡಿಯೋ ಬೆರಳು ಖರೇ ರೇಟ್ ಇರ್ತೈತೇನು?"

"ಮೊದಲ ಖರೇ ಹೇಳಿದ್ರ ಅಂವ ಎಂಥಾ ದಲಾಲಿ? ಅರ್ಧದಿಂದ ಶುರು ಮಾಡೂದು. ಎದುರಿನವ ಏರಸ್ತಾನ, ನಾವು ಒಂಚೂರು ಏರಸ್ತೇವಿ. ಹಿಂಗ ಹಗ್ಗಾ ಜಗ್ಗಿ ಜಗ್ಗಿ ಖರೇದಕ್ಕ ಬರೂದು." ಉಸಿರಿಗೆ ನಿಂತು, ಮತ್ತೆ ಹೇಳಿದರು. "ಆದ್ರ ಕೈ ಅರಿವಿಯಿಂದ ಹೊರಗ ಬಂತಂದ್ರ ಮುಗೀತು. ಹೊರಗ ಬಂದ ಕೈ ಸುಳ್ಳ ಹೇಳೂದಿಲ್ರಿ."

ಡಾಕ್ಟರು ನೆಟ್ಟಗೆ ಕೂತರು. "ಯಮನಪ್ಪನವರ, ಅವತ್ತು ಕಂಬಳಿ ಕೆಳಗ ನನ್ನ ಬೆರಳ ಹಿಡದು ನಾಕು ಅಂದ್ರಿ. ಖರೇ ಎಷ್ಟಿತ್ತು?"

ಯಮನಪ್ಪ ಹೆಂಡತಿಯ ಕಡೆ ನೋಡಿದರು. ನನ್ನ ಕಡೆ ನೋಡಿದರು. ನಮ್ಮಿಬ್ಬರಿಂದಲೂ ಸಹಾಯ ಸಿಗಲಿಲ್ಲ.

"ಎಂಟ ಇರಬೇಕ್ರಿ."

"ಮತ್ತ ಯಾಕ ಹೇಳಲಿಲ್ಲ!"

"ನೀವು ಯಾಕ ಕೇಳಲಿಲ್ರಿ?" ಅವರಿಗೂ ಸಿಟ್ಟು ಬಂತು. "ನಾ ನಾಕು ಅಂದೆ. ಈಗ ಬಾಯಾರು ಹತ್ತು ಅಂತಾರ, ನಾ ಐದು ಅಂತೇನಿ, ಅವರು ಒಂಬತ್ತು ಅಂತಾರ ಅಂತ ದಾರಿ ಕಾದೆ. ನೀವು ಹೂಂ ಅಂದು ಕೈ ಬಿಟ್ರಿ! ಮೊದಲನೇ ಮಾತಿಗೆ ಒಪ್ಪೋ ಗಿರಾಕಿನ್ನ ನನ್ನ ಜನ್ಮದಾಗ ಕಂಡಿಲ್ಲ. ಅಯ್ಯೋ ಪಾಪ, ಬಾಯಾರಿಗೆ ವ್ಯವಹಾರ ಗೊತ್ತಿಲ್ಲ ಅಂತ ಕನಿಕರ ಬಂತ್ರಿ ನನಗ!"

ಕಸ್ತೂರೆವ್ವ ಹಣೆ ಬಡಿದುಕೊಂಡರು. "ನಿಮ್ಮ ದಲಾಲಿಗೆ ಬೆಂಕಿ ಹಚ್ಚಲಿ! ಜೀವದ ಮ್ಯಾಲೂ ಚೌಕಾಸಿ ಏನು?"

"ಬೇಕಂತ ಮಾಡಿಲ್ಲೇ. ಅರಿವಿ ಕೆಳಗ ಕೈ ಹೋತಂದ್ರ ಈ ಬೆರಳು ನನ್ನ ಮಾತ ಕೇಳೂದಿಲ್ಲ. ಈಗ ಹೇಳತೇನಿ, ಮುಂದಿನ ಸಲ ಖರೇ ಹೇಳಬೇಕು ಅಂತ ಆಣಿ ಮಾಡಿದ್ರೂ ಅವು ಕೇಳೂದಿಲ್ಲ."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ವಾರದಿಂದ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗು ನಿಂತ ಮೇಲೆ ತಮ್ಮ ದುಪಟ್ಟಾ ತೆಗೆದು ಬಲಗೈ ಮೇಲೆ ಹೊದಿಸಿಕೊಂಡು ಮುಂದೆ ಚಾಚಿದರು.

"ಕಲಸ್ರಿ ನನಗ."

*

ಎರಡನೆಯ ಸಲ ತೊಳೆಯುವ ದಿನ ಕಸ್ತೂರೆವ್ವನನ್ನು ನನ್ನ ಪಕ್ಕದಲ್ಲೇ, ಗಾಜಿನ ಈಚೆ ಕೂರಿಸಿಕೊಂಡೆ. ಅವರು ಯಂತ್ರವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಇದರಾಗ ಹಿಂಡೂದೂ ಐತೇನು?" ಎಂದರು. ಇಲ್ಲವೆಂದೆ.

ದ್ರವ ತುಂಬಿತು. ಎದೆಯ ಕವಚ ಪಟಪಟ ಶುರುಮಾಡಿತು. ಡಾಕ್ಟರ ಕೈ ಕಂಬಳಿಯೊಳಗೆ ಹೋಯಿತು.

"ನಾಕು ಅನ್ನಾಕತ್ತಾರ," ಎಂದು ಕೂಗಿದರು. "ನಾ ಹತ್ತು ಅಂತೇನಿ."

ಪರದೆಯ ಮೇಲೆ ಯಮನಪ್ಪನವರ ಕಣ್ಣು ಫಕ್ಕನೆ ತೆರೆದವು. ಬಾಯಲ್ಲಿ ನಳಿಕೆ ಇದ್ದವರು ನಗಲಾರರು ಎಂದು ಯಾರು ಹೇಳಿದ್ದು? ಆ ಮನುಷ್ಯ ಹುಬ್ಬಿನಲ್ಲೇ ನಕ್ಕರು. ಎಷ್ಟೋ ತಿಂಗಳಿಂದ ಸಂತೆ ಕಾಣದಿದ್ದವರಿಗೆ ಸಂತೆಯೇ ಹಾಸಿಗೆಗೆ ಬಂದಿತ್ತು.

"ಐದು ಅಂತಾರ. ನಾ ಒಂಬತ್ತು... ಇಲ್ಲ, ಕೈ ಬಿಡೂದಿಲ್ರಿ ಯಮನಪ್ಪನವರ, ಖರೇದಕ್ಕ ಬರ್ರಿ... ಆರು! ಆರು ಅಂದ್ರು!"

"ಬಿಡಬ್ಯಾಡ ಯವ್ವಾ, ಇನ್ನೂ ಜಗ್ಗು!" ಕಸ್ತೂರೆವ್ವ ಗಾಜು ಬಡಿದರು. ಅವರನ್ನು ಹಿಡಿದು ಕೂರಿಸುವುದೇ ನನಗೊಂದು ಕೆಲಸವಾಯಿತು.

"ಎಂಟಕ್ಕ ಮುಗೀತು! ಗುರುಪಾದ, ಎಂಟು!"

ನಾನು ಪಂಪನ್ನು ಎಂಟಕ್ಕೇರಿಸಿದೆ. ಒಂದು ಸುತ್ತು ಬಸಿದದ್ದು ತಿಳಿನೀರೇ. ಇನ್ನೊಂದು ಸುತ್ತು, ಅದೂ ತಿಳಿ. ಮೂರನೆಯ ಸುತ್ತಿನಲ್ಲಿ ನಳಿಕೆಯೊಳಗೆ ಒಂದು ಬಿಳಿ ಎಳೆ ಕಂಡಿತು, ಹಿಂದೆಯೇ ದಪ್ಪಗೆ ಹಾಲು ಉಕ್ಕಿದಂತೆ ಬಂದು ಬಾಟಲಿ ತುಂಬಿತು. ಮುಚ್ಚಿದ್ದ ಮೂಲೆ ತೆರೆದಿತ್ತು! ನಾನು ಕುರ್ಚಿಯಿಂದೆದ್ದು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ.

ಆಮೇಲೆ ಪ್ರತಿ ಸುತ್ತಿಗೂ ಚೌಕಾಸಿ. ಏಳಕ್ಕೆ ಮುಗಿಯಿತು, ಐದಕ್ಕೆ ಮುಗಿಯಿತು, ಮೂರಕ್ಕೆ ಮುಗಿಯಿತು. ಬಾಟಲಿಗಳು ಹಾಲಿನಿಂದ ಮಜ್ಜಿಗೆಗೆ, ಮಜ್ಜಿಗೆಯಿಂದ ಅಕ್ಕಿ ತೊಳೆದ ನೀರಿಗೆ ಬಂದವು. ಕೊನೆಗೆ ಡಾಕ್ಟರು ಮುಖ ಎತ್ತಿ ನಮ್ಮ ಕಡೆ ನೋಡಿದರು.

"ಬೆರಳ ಹಿಡೀವಲ್ರು. ಬರೇ ಅಂಗೈ ಇಟ್ಟಾರ. ಏನೂ ಇಲ್ಲ ಅಂತಾರ. ನಾ ನಾಕು ಅಂದೆ, ಮತ್ತ ಅಂಗೈ. ಮೂರು ಅಂದೆ, ಅಂಗೈ."

ಏನೂ ಇಲ್ಲ ಅನ್ನುವುದು ಇವರ ಮೊದಲ ಮಾತೋ, ಕೊನೆಯ ಮಾತೋ? ನಿಜವಾಗಿ ಮುಗಿದಿದ್ದರೆ ಇನ್ನೊಂದು ಸುತ್ತಿನ ಒತ್ತಡಕ್ಕೆ ಶುಚಿಯಾದ ಗಾಳಿಗೂಡುಗಳು ಹರಿಯಬಹುದು. ಮುಗಿಯದಿದ್ದರೆ, ಇವತ್ತು ನಿಲ್ಲಿಸಿದ ತಪ್ಪಿಗೆ ಇವರ ಬದುಕು ಆ ಮೂಗಿನ ನಳಿಕೆಯ ಉದ್ದಕ್ಕೇ ಮುಗಿಯುತ್ತದೆ.

ಕಸ್ತೂರೆವ್ವ ಎದ್ದು ನಿಂತರು. ಮೈಕಿನ ಮೇಲೆ ಬಾಗಿ, ಗಂಡನಿಗೆ ಹೇಳಿದರು, "ಏನ್ರಿ, ನಾನು. ಈ ಹುಡುಗಿ ನಿಮ್ಮನ್ನ ನಂಬಾಕ ತಯಾರ ಅದಾಳ. ಖರೇ ಇದ್ರ ಕೈ ಹೊರಗ ತಗೀರಿ."

ಕಂಬಳಿ ಅಲುಗಿತು. ಡಾಕ್ಟರ ಹಿಡಿತದಿಂದ ಕೈ ಬಿಡಿಸಿಕೊಂಡು ಯಮನಪ್ಪ ಮೆಲ್ಲಗೆ ಹೊರಗೆ ತೆಗೆದರು. ಅಂಗೈ ಮೇಲೆ ಮಾಡಿ ಕಂಬಳಿಯ ಮೇಲಿಟ್ಟರು. ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು, ಒಂದೂ ನಡುಗುತ್ತಿರಲಿಲ್ಲ.

"ಮುಗೀತು, ಬಂದ್ ಮಾಡ್ರಿ," ಎಂದರು ಕಸ್ತೂರೆವ್ವ.

ಡಾಕ್ಟರು ತಲೆಯಾಡಿಸಿದರು. ನಾನು ಪಂಪು ನಿಲ್ಲಿಸಿದೆ. ಈ ಸಲ ಚಹಾ ತರಿಸಲಿಲ್ಲ.

*

ತರಿಸಬಹುದಿತ್ತು. ವಾರದ ನಂತರದ ಚಿತ್ರದಲ್ಲಿ ಬಿಳಿ ಮೂಲೆ ಕಾಣೆಯಾಗಿತ್ತು. ಸಮಿತಿ ಎಡಗಡೆಗೆ ಒಪ್ಪಿತು, ಅದನ್ನೂ ಚೌಕಾಸಿಯಲ್ಲೇ ತೊಳೆದೆವು. ಸಮಿತಿಗೆ ಕಳಿಸುವ ವರದಿಯಲ್ಲಿ 'ಚೌಕಾಸಿ' ಎಂಬುದಕ್ಕೆ ಗೌರವದ ಹೆಸರೊಂದು ಬೇಕೆಂದು ಡಾಕ್ಟರು ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಚೌಕಾಸಿ ಎಂದೇ ಬರೆದರು.

ಆಮ್ಲಜನಕದ ಯಂತ್ರವನ್ನು ಮರಳಿ ತರಲು ನಾನೂ ಡಾಕ್ಟರೂ ಮತ್ತೆ ಆ ಮನೆಗೆ ಹೋದೆವು. ಯಮನಪ್ಪ ಮನೆಯಲ್ಲಿರಲಿಲ್ಲ. ಸಂತೆಯ ದಿನವಂತೆ. ಸ್ವಲ್ಪ ಹೊತ್ತಿಗೆ ಬಂದರು. ಅಂಗಿಯ ತುಂಬ ಧೂಳು, ಮುಖದ ತುಂಬ ಬೆವರು.

"ಓಡಿದಿರೇನು?" ಎಂದು ಕೇಳಿದರು ಡಾಕ್ಟರು.

"ಓಡಿದ್ನಿರಿ ಬಾಯಾರ. ಹೋರಿ ಮುಂದ ಹೋತು, ನಾ ಹಿಂದ ಉಳದೆ. ಆದ್ರ ಓಡಿದೆ!" ಒಂದೇ ಉಸಿರಿನಲ್ಲಿ ಅಷ್ಟೂ ಹೇಳಿ ಮುಗಿಸಿ, ತಾವೇ ಅದಕ್ಕೆ ಬೆರಗಾಗಿ ನಿಂತರು.

ಕೈಕಾಲು ತೊಳೆದು ನಮ್ಮ ಜೊತೆ ಊಟಕ್ಕೆ ಕೂತರು. ಒಳಗಿನಿಂದ ಎಂದಿನ ಕೂಗು: "ಎಷ್ಟು ಬಡೀಲಿ ನಿಮಗ?"

"ನಾಕು," ಎಂದರು ಯಮನಪ್ಪ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ಪಟಪಟ ಮತ್ತೆ ಶುರುವಾಯಿತು, ಮತ್ತು ಕಸ್ತೂರೆವ್ವ ಬುಟ್ಟಿ ಹಿಡಿದು ಹೊರಗೆ ಬಂದರು. ಎಣಿಸಿ ನೋಡಿದರೆ ಗಂಡನ ತಾಟಿಗೆ ಎಂಟು ರೊಟ್ಟಿ!

"ನಾಕ ಅಂದೆನಲ್ಲೇ."

"ನಿಮ್ಮ ಲೆಕ್ಕ ಯಾರು ನಂಬತಾರ?" ಎನ್ನುತ್ತ ಕಸ್ತೂರೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಏನಾತ?"

"ಏನಿಲ್ಲ. ಹೊಗಿ."

"ಕರೆಂಟಿನ ಒಲಿಗೆ ಹೊಗಿ?" ಯಮನಪ್ಪ ತಾಟು ಸರಿಸಿ ಎದ್ದು ನಿಂತರು. ದನಿ ಮೆತ್ತಗಾಗಿತ್ತು. "ಕಸ್ತೂರಿ, ಅರಿವಿ ಹೊರಗ ಬಂದು ಹೇಳ."

ಕಸ್ತೂರೆವ್ವ ಸೆರಗು ಕೆಳಗಿಳಿಸಿದರು. ಕೆನ್ನೆ ಎರಡೂ ತೊಯ್ದಿದ್ದವು, ಅವುಗಳ ಮೇಲೆ ಜೋಳದ ಹಿಟ್ಟು ಮೆತ್ತಿತ್ತು.

"ಅಂಜಿಕಿ ಆಗಿತ್ತು ನನಗ," ಎಂದರು. "ಭಾಳ ಅಂಜಿಕಿ ಆಗಿತ್ತು."

ಯಮನಪ್ಪ ಹೆಂಡತಿಯ ಹಿಟ್ಟಿನ ಕೈ ಹಿಡಿದುಕೊಂಡರು. ಅದರ ಮೇಲೆ ಯಾವ ಅರಿವಿಯೂ ಇರಲಿಲ್ಲ. ಆಮೇಲೆ ಕೂತು ನಾಲ್ಕು ರೊಟ್ಟಿ ಉಂಡರು, ಸರಿಯಾಗಿ ನಾಲ್ಕೇ. ಉಳಿದ ನಾಲ್ಕನ್ನು ನಾನೂ ಡಾಕ್ಟರೂ ಹಂಚಿಕೊಂಡೆವು.